ಎರಡು ಹಳದಿಗೆ ಹುಟ್ಟಿದ ಹಸಿರು

ನಾನು ಒಂದು ಗಿಳಿ. ಗಿಳಿ ಎಂದ ಕೂಡಲೇ ಉದ್ದ ಬಾಲದ, ಕೊರಳಿಗೆ ಕೆಂಪು ಗೆರೆಯಿರುವ, ಪೇರಲಹಣ್ಣು ಕಚ್ಚುತ್ತ ಕೂತ ಹಕ್ಕಿಯೊಂದು ನಿಮ್ಮ ಕಣ್ಣ ಮುಂದೆ ಬಂದರೆ, ಅದು ನಾನಲ್ಲ. ನಾನು ಒಂದು ಮುಷ್ಟಿಯಲ್ಲಿ ಹಿಡಿಸುತ್ತೇನೆ. ಬಾಲ ಮೊಂಡು. ಅಂಗಡಿಯವರು ನಮಗೆ ಲವ್‌ಬರ್ಡ್ ಎನ್ನುತ್ತಾರೆ. ಅದೇ ಹೆಸರಿನಲ್ಲಿ ಬೇರೆ ಹಕ್ಕಿಗಳನ್ನೂ ಮಾರುತ್ತಾರೆ. ಹಾಗಾಗಿ ತಿಳಿದವರು ನಮ್ಮನ್ನು ಆಫ್ರಿಕನ್ ಎಂದು ಕರೆದು ಬೇರೆಯಿಡುತ್ತಾರೆ. ನಾನು ಆಫ್ರಿಕಾ ನೋಡಿಲ್ಲ. ಹುಬ್ಬಳ್ಳಿಯಲ್ಲಿ, ರೈಲ್ವೆ ವರ್ಕ್‌ಶಾಪಿನ ಸೈರನ್ ಕೇಳಿಸುವಷ್ಟು ದೂರದ ಒಂದು ತಾರಸಿಯ ಮೇಲೆ, ಪ್ಲೈವುಡ್ ಪೆಟ್ಟಿಗೆಯೊಳಗಿನ ನಾಲ್ಕು ಮೊಟ್ಟೆಗಳಲ್ಲಿ ಮೂರನೆಯದನ್ನು ಒಡೆದುಕೊಂಡು ಹೊರಗೆ ಬಂದೆ. ಎರಡು ಮೊಟ್ಟೆ ಒಡೆಯಲೇ ಇಲ್ಲ. ಇನ್ನೊಂದರ ಮರಿ ಒಂಬತ್ತು ದಿನ ಇತ್ತು, ಆಮೇಲೆ ಇರಲಿಲ್ಲ.

ತಾರಸಿ ಯೋನಪ್ಪನದು. ವರ್ಕ್‌ಶಾಪಿನಲ್ಲಿ ಮೂವತ್ನಾಲ್ಕು ವರ್ಷ ಲೇಥ್ ಯಂತ್ರದ ಮುಂದೆ ನಿಂತು ನಿವೃತ್ತನಾದವನು. ಕಬ್ಬಿಣದ ಕಡ್ಡಿ ಕೂದಲೆಳೆಯಷ್ಟು ಹೆಚ್ಚು ದಪ್ಪವಾದರೂ ಬರಿಗಣ್ಣಿನಿಂದಲೇ ನೋಡಿ ಹೇಳುತ್ತಿದ್ದನಂತೆ. ಆ ಕಣ್ಣನ್ನೇ ಅವನು ತಾರಸಿಗೆ ತಂದಿದ್ದ. ಊರಿನ ಹಕ್ಕಿ ಸಾಕುವವರ ಸಂಘ ವರ್ಷಕ್ಕೊಮ್ಮೆ ಡಿಸೆಂಬರಿನಲ್ಲಿ ಪ್ರದರ್ಶನ ಇಡುತ್ತದೆ, ಅಲ್ಲಿ ತೀರ್ಪುಗಾರನ ಕುರ್ಚಿ ಅವನದೇ.

ನೋಡಲು ಬಂದವರಿಗೆಲ್ಲ ಅವನು ನಮ್ಮ ಕುಲವನ್ನು ಬಾಯಿಪಾಠ ಒಪ್ಪಿಸುತ್ತಿದ್ದ. ಒಂಬತ್ತು ಜಾತಿ. ಒಂದಕ್ಕೆ ಬೂದುಬಣ್ಣದ ತಲೆ, ಅದು ಮಡಗಾಸ್ಕರ್ ದ್ವೀಪದ್ದು. ಒಂದು ಗೆದ್ದಲಿನ ಗೂಡು ಕೊರೆದು ಅದರೊಳಗೆ ಮೊಟ್ಟೆ ಇಡುತ್ತದೆ. ಇನ್ನೊಂದು ಕಾಂಗೋ ಕಾಡಿನದು, ಅಲ್ಲಿಯ ಅತ್ತಿಹಣ್ಣು ಸಿಗದಿದ್ದರೆ ಪಂಜರದಲ್ಲಿ ನಾಲ್ಕು ದಿನವೂ ಬದುಕುವುದಿಲ್ಲ. ನಮ್ಮ ದಾಂಡೇಲಿ ಕಾಡಿನಲ್ಲೂ ಒಂದು ಚಿಟ್ಟುಗಿಳಿ ಉಂಟು, ಬಾವಲಿಯಂತೆ ತಲೆಕೆಳಗಾಗಿ ನಿದ್ದೆ ಮಾಡುತ್ತದೆ, ಆದರೆ ಅದು ದೂರದ ನೆಂಟ ಮಾತ್ರ, ಅದನ್ನು ಹಿಡಿದರೆ ಜೈಲು ಎಂದು ಸೇರಿಸುತ್ತಿದ್ದ. ತಾರಸಿಯ ಮೇಲೆ ಇದ್ದದ್ದು ಎರಡೇ ಜಾತಿ. ಪಡುವಣ ಗೋಡೆಗೆ ಪೀಚ್‌ಫೇಸ್. ಮೂಡಣ ಗೋಡೆಗೆ ಫಿಷರ್, ಅಂದರೆ ಕಣ್ಣಿನ ಸುತ್ತ ಬಿಳಿ ಬಳೆ ಇರುವವು. ನಡುವೆ ನಾಲ್ಕು ಹೆಜ್ಜೆ ಅಂಗಳ. ಈ ಗೋಡೆಯದು ಆ ಗೋಡೆಗೆ ಹೋಗಕೂಡದು. ಹೋದರೆ ಹುಟ್ಟುವುದು ಬೆರಕೆ. ಬೆರಕೆ ಹಕ್ಕಿಗೆ ಮರಿಯಾಗುವುದಿಲ್ಲ, ಪ್ರದರ್ಶನದಲ್ಲಿ ಜಾಗವಿಲ್ಲ, ಕಾಲಿಗೆ ಗುರುತಿನ ಉಂಗುರವಿಲ್ಲ. ಯೋನಪ್ಪನ ಮನೆಯಲ್ಲಿ ಬೆರಕೆಗೆ ಪಂಜರವೂ ಇಲ್ಲ. ಹದಿನೆಂಟು ವರ್ಷದಲ್ಲಿ ಅಂಥದೊಂದು ಅವನಲ್ಲಿ ಹುಟ್ಟಿರಲಿಲ್ಲ.

ಎರಡು ಜಾತಿಗೂ ಇನ್ನೊಂದು ವ್ಯತ್ಯಾಸವಿದೆ. ಈ ಕಥೆಗೆ ಅದು ಬೇಕು. ಗೂಡು ಕಟ್ಟುವ ಕಾಲಕ್ಕೆ ನಮ್ಮ ಹೆಣ್ಣುಗಳು ಎಲೆಯನ್ನೋ ಕಾಗದವನ್ನೋ ಕೊಕ್ಕಿನಿಂದ ಉದ್ದುದ್ದ ಸೀಳುತ್ತವೆ. ಪೀಚ್‌ಫೇಸ್ ಆ ಸೀಳನ್ನು ಬೆನ್ನ ಕೆಳಗಿನ ಪುಕ್ಕದೊಳಗೆ ಸಿಕ್ಕಿಸಿಕೊಂಡು ಪೆಟ್ಟಿಗೆಗೆ ಹಾರುತ್ತದೆ, ಹೆಂಗಸರು ಸೊಂಟಕ್ಕೆ ಸೆರಗು ಸಿಕ್ಕಿಸಿದಂತೆ. ಫಿಷರ್ ಹಾಗೆ ಮಾಡುವುದಿಲ್ಲ. ಕೊಕ್ಕಿನಲ್ಲೇ ಕಚ್ಚಿಕೊಂಡು ಒಯ್ಯುತ್ತದೆ. ಯಾರೂ ಕಲಿಸುವುದಿಲ್ಲ.

ನನ್ನ ತಾಯಿ ಪಡುವಣ ಗೋಡೆಯ ಹಳದಿ ಪೀಚ್‌ಫೇಸ್. ತಂದೆ ಮೂಡಣ ಗೋಡೆಯ ಹಳದಿ ಫಿಷರ್. ಪಂಜರ ತೊಳೆಯುವ ದಿನ ಎರಡು ಗಂಡುಗಳನ್ನು ಹೊರಗೆ ತೆಗೆದಿಟ್ಟಿದ್ದ ಯೋನಪ್ಪ, ತಿರುಗಿ ಬಿಡುವಾಗ ಅದಲು ಬದಲು ಬಿಟ್ಟ. ಎರಡೂ ಹಳದಿ, ಎರಡಕ್ಕೂ ಮುಖ ಕಿತ್ತಳೆ. ಒಂದಕ್ಕೆ ಕೊಕ್ಕು ಕೆಂಪು, ಕಣ್ಣಿಗೆ ಬಳೆ. ಇನ್ನೊಂದಕ್ಕೆ ಅವೆರಡೂ ಇಲ್ಲ. ಶಾಲೆಗೆ ಹೋಗುವ ಮಕ್ಕಳೂ ತಪ್ಪದ ಗುರುತು. ಯೋನಪ್ಪ ತಪ್ಪಿದ.

ನನಗೆ ಹದಿನೈದು ದಿನವಾದಾಗ ಅವನು ಪೆಟ್ಟಿಗೆಯ ಬಾಗಿಲೆತ್ತಿ ಮಗಳನ್ನು ಕರೆದ. ಮಗಳು ದಯಾಮಣಿ, ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುವವಳು. ತರಗತಿಯ ಹೊರಗೆ ಅವಳ ದನಿ ಕೇಳಿದವರು ಕಡಿಮೆ.

"ಹಳದಿ ಮರಿ ನೋಡಿಲ್ಲೆ. ಬಂಗಾರದಂಗ ಐತಿ."

ಅವಳು ಬಗ್ಗಿ ನೋಡಿದಳು. ಅಷ್ಟು ಹೊತ್ತಿಗೆ ನನಗೆ ರೆಕ್ಕೆಯ ಮೊಳಕೆ ಒಡೆದಿದ್ದವು. ಹಳದಿ ಒಂದೂ ಇರಲಿಲ್ಲ. ಬೇರೆ ಬೇರೆ ಜಾತಿಯ ಎರಡು ಹಳದಿ ಕೂಡಿದರೆ ಹುಟ್ಟುವುದು ಹಸಿರೇ. ಯೋನಪ್ಪನೇ ಅದನ್ನು ಸಂಘದವರಿಗೆ ಎಷ್ಟೋ ಸಲ ವಿವರಿಸಿದ್ದ. ದಯಾಮಣಿ ನನ್ನನ್ನು ನೋಡಿದಳು, ತಾಯಿಯನ್ನು ನೋಡಿದಳು, ತಂದೆಯ ಕಣ್ಣಿನ ಬಳೆ ನೋಡಿದಳು, ಕಡೆಗೆ ತನ್ನ ಅಪ್ಪನ ಮುಖ ನೋಡಿದಳು.

"ಹೌದಪ್ಪಾ," ಎಂದಳು.

ಆಮೇಲೆ ಆದದ್ದೆಲ್ಲ ಆ ಒಂದು ಮಾತಿನಿಂದ.

ಅವಳಿಗೆ ಅನುಮಾನ ಮೊದಲೇ ಇತ್ತು. ಅಪ್ಪ ಮೆಟ್ಟಿಲು ಹತ್ತುವಾಗ ಬಾಯೊಳಗೇ ಎಣಿಸುತ್ತಿದ್ದ, ಹದಿಮೂರು ಮೆಟ್ಟಿಲು. ನಮ್ಮ ನೀರಿನ ಬಟ್ಟಲು ತುಂಬಿತೋ ಇಲ್ಲವೋ ಎಂದು ಬೆರಳು ಅದ್ದಿ ನೋಡುತ್ತಿದ್ದ. ನನ್ನ ಕಾಲಿಗೆ ಉಂಗುರ ಹಾಕಬೇಕಾದ ದಿನ ಬೆರಳು ಸಿಗದೆ ಮೂರು ಸಲ ತಡಕಾಡಿ, ಈ ಸಲದ ಉಂಗುರವೇ ಸರಿಯಿಲ್ಲ ಎಂದು ಡಬ್ಬಿ ಮುಚ್ಚಿದ್ದ. ಮನೆಯೊಳಗೆ ಕುರ್ಚಿ, ಸ್ಟೂಲು, ಕೊಡಪಾನ ಒಂದೂ ಅಂಗುಲ ಸರಿಯದಂತೆ ಅವಳು ನೋಡಿಕೊಳ್ಳುತ್ತಿದ್ದಳು. ಅವಳು ಹಾಗೆ ನೋಡಿಕೊಳ್ಳುತ್ತಾಳೆಂದು ಅವನಿಗೆ ಗೊತ್ತಿತ್ತು. ಇಬ್ಬರೂ ಆ ಬಗ್ಗೆ ಮಾತಾಡುತ್ತಿರಲಿಲ್ಲ.

ಮಾತಾಡದಿರಲು ಕಾರಣ ಗೋಡೆಯ ಮೇಲಿನ ಫೋಟೋದಲ್ಲಿದ್ದಳು. ದಯಾಮಣಿಯ ತಾಯಿ ಸಾರವ್ವ. ಯಾವುದೋ ಊರಿನ ಶಿಬಿರದಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು ಬಂದಳು, ಕಣ್ಣು ಕೀವಾಯಿತು, ಹೋಯಿತು. ಇನ್ನೊಂದು ಕಣ್ಣನ್ನು ಯಾರಿಗೂ ತೋರಿಸಲಿಲ್ಲ, ಅದೂ ಮಂಜಾಯಿತು. ನಾಲ್ಕು ವರ್ಷ ಗೋಡೆಯ ಕಡೆ ಮುಖ ಮಾಡಿ ಕೂತು ತೀರಿಕೊಂಡಳು. ತನ್ನ ಕಣ್ಣಿಗೆ ಯಾರೂ ಬ್ಲೇಡು ಹಚ್ಚುವಂತಿಲ್ಲ ಎಂದು ಯೋನಪ್ಪ ಅವತ್ತೇ ಹೇಳಿದ್ದ. ಕಣ್ಣು ಹೋಯಿತೆಂದು ಒಪ್ಪಿಕೊಂಡ ದಿನ ಅಪ್ಪ ತಾರಸಿ ಹತ್ತುವುದನ್ನು ಬಿಡುತ್ತಾನೆ, ತಾಯಿ ಕೂತ ಜಾಗದಲ್ಲೇ ಕೂರುತ್ತಾನೆ ಎಂಬುದು ದಯಾಮಣಿಯ ಭಯ. ಆ ಒಪ್ಪಿಗೆಗೆ ಬೇಕಾದ ಸಾಕ್ಷಿ ನಾನು. ರೆಕ್ಕೆ ಬಲಿತ ಮೇಲೆ ಸಂಘದವರ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ.

ಒಂದು ಭಾನುವಾರ ಯೋನಪ್ಪ ಚರ್ಚಿಗೆ ಹೋದಾಗ ಅವಳು ಗಂಡುಗಳನ್ನು ಅವವುಗಳ ಗೋಡೆಗೆ ಬದಲಾಯಿಸಿದಳು. ನನ್ನನ್ನು ಸಣ್ಣ ಪಂಜರಕ್ಕೆ ಹಾಕಿ, ಮೇಲೆ ದುಪಟ್ಟಾ ಮುಚ್ಚಿ, ರಸ್ತೆ ದಾಟಿದಳು.

ರಸ್ತೆಯಾಚೆ ಹುಸೇನಬಿಯ ಹೊಲಿಗೆ ಅಂಗಡಿ. ಐವತ್ತು ದಾಟಿದ ಹೆಂಗಸು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವವಳು, ಸೂಜಿ ಒಂದೂ ಬೀಳುತ್ತಿರಲಿಲ್ಲ. ದಯಾಮಣಿ ವಿಷಯವನ್ನು ಅರ್ಧ ಹೇಳುವಷ್ಟರಲ್ಲಿ ಇನ್ನರ್ಧ ಅವಳಿಗೆ ತಿಳಿಯಿತು. ದುಪಟ್ಟಾ ಎತ್ತಿ ನೋಡಿದಳು.

"ಹಳದಿ ಅಂತಾನೇನ ಬೇ ನಿಮ್ಮಪ್ಪ ಇದಕ್ಕ? ಹಸಿ ಮೆಣಸಿನಕಾಯಿ ಇದ್ದಂಗ ಐತಿ." ಹೆಸರನ್ನೂ ಆಗಲೇ ಇಟ್ಟಳು, ಮಿರ್ಚಿ ಎಂದು. "ಇಟಗೋತೀನಿ. ಆದರ ಒಂದ ಮಾತ ಹೇಳ್ತೀನಿ, ಸಿಟ್ಟಾಗಬ್ಯಾಡ. ನೀ ಮುಚ್ಚಾಕತ್ತಿದ್ದು ಹಕ್ಕಿನ್ನಲ್ಲ."

ದಯಾಮಣಿ ಸಿಟ್ಟಾಗಲಿಲ್ಲ. ಪಂಜರ ಅಲ್ಲೇ ಬಿಟ್ಟು ಮನೆಗೆ ಹೋದಳು. ಹುಸೇನಬಿ ಆಸೆಪಟ್ಟು ಕೇಳಿದಳು, ಕೊಟ್ಟೆ ಎಂದು ಅಪ್ಪನಿಗೆ ಹೇಳಿದಳು. ಯೋನಪ್ಪನಿಗೆ ಸಂತೋಷವೇ ಆಯಿತು. ನನ್ನ ಬಂಗಾರಿ ಹೇಗಿದ್ದಾಳೆ ಎಂದು ರಸ್ತೆಯ ಆಚೆಯಿಂದಲೇ ಆಗಾಗ ಕೂಗಿ ಕೇಳುತ್ತಿದ್ದ. ರಸ್ತೆ ದಾಟುವುದನ್ನು ಅವನು ಆಗಲೇ ಬಿಟ್ಟಿದ್ದ.

ಹೀಗೆ ನನಗೆ ರಸ್ತೆಯ ಆ ಬದಿಗೆ ಒಂದು ಹೆಸರು, ಈ ಬದಿಗೆ ಒಂದು ಹೆಸರು.

ಹೊಲಿಗೆ ಅಂಗಡಿಯಲ್ಲಿ ಕಾಗದಕ್ಕೆ ಬರವಿಲ್ಲ. ರವಿಕೆಯ ಅಳತೆಗೆ ಕತ್ತರಿಸಿದ ಖಾಕಿ ಕಾಗದದ ಚೂರುಗಳು ಮಷೀನಿನ ಕೆಳಗೆ ರಾಶಿ ಬೀಳುತ್ತಿದ್ದವು, ಹುಸೇನಬಿ ಅವನ್ನು ನನಗೆ ಹಾಕುತ್ತಿದ್ದಳು. ಬೆಳೆದ ಮೇಲೆ, ಯಾಕೆಂದು ನನಗೇ ತಿಳಿಯದೆ, ಅವನ್ನು ಸೀಳತೊಡಗಿದೆ. ಸೀಳುವುದು ಚೆನ್ನಾಗಿ ಬರುತ್ತಿತ್ತು. ಅಂಚು ನೇರ, ಅಗಲ ಒಂದೇ ಸಮ. ತೊಂದರೆ ಆಮೇಲಿನದು. ಸೀಳನ್ನು ಕಚ್ಚಿದ ಕೂಡಲೇ ಕತ್ತು ತಾನಾಗಿ ಹಿಂದಕ್ಕೆ ತಿರುಗುತ್ತಿತ್ತು. ಬೆನ್ನ ಕೆಳಗಿನ ಪುಕ್ಕ ತಾನಾಗಿ ಕೆದರಿಕೊಳ್ಳುತ್ತಿತ್ತು. ಸೀಳನ್ನು ಒಳಗೆ ತುರುಕುತ್ತಿದ್ದೆ. ಅಲ್ಲಿ ಕೊಕ್ಕು ಬಿಡಬೇಕು. ಕೊಕ್ಕು ಬಿಡುತ್ತಿರಲಿಲ್ಲ. ತುರುಕಿದ್ದನ್ನು ತಾನೇ ಎಳೆದು ತೆಗೆಯುತ್ತಿತ್ತು. ಹಾಗಾದರೆ ಕಚ್ಚಿಕೊಂಡೇ ಹಾರು ಎಂದರೆ ಕತ್ತು ಮತ್ತೆ ಹಿಂದಕ್ಕೆ. ಹೀಗೆ ನಾಲ್ಕೈದು ಸಲ ತಿರುಗಿ, ಕಡೆಗೆ ಸೀಳು ಕಾಲಡಿಗೆ ಬೀಳುತ್ತಿತ್ತು. ಇನ್ನೊಂದು ಸೀಳುತ್ತಿದ್ದೆ. ಸಂಜೆಯ ಹೊತ್ತಿಗೆ ಕೂರುವ ಕಡ್ಡಿಯ ಕೆಳಗೆ ಸೀಳುಗಳ ಗುಡ್ಡೆ. ಫಾಲ್ ಹೊಲಿಸಲು ಬಂದ ಹೆಂಗಸರು ನೋಡಿ ನಗುತ್ತಿದ್ದರು. ಸೀರೆ ಉಡಲು ಬಾರದ ಹುಡುಗಿ ನೆರಿಗೆ ಹಿಡಿದಂತೆ ಮಾಡುತ್ತದೆ ಎಂದು ಒಬ್ಬಳು ಹೇಳಿದ್ದು ನೆನಪಿದೆ. ನನಗೆ ಅದರಿಂದ ದುಃಖವಾಗಲಿಲ್ಲ. ಕೆಲಸ ಮುಗಿಯುತ್ತಿರಲಿಲ್ಲ, ಅಷ್ಟೆ.

ಮುಂದಿನ ಬೇಸಿಗೆಯಲ್ಲಿ ಹಕ್ಕಿ ಸಂಘದ ಕಾರ್ಯದರ್ಶಿ ತಿಪ್ಪಣ್ಣ ಹಂಚಿನಾಳ ಅಂಗಿಯ ಕಾಲರ್ ತಿರುವಿಸಲು ಅಂಗಡಿಗೆ ಬಂದ. ದಯಾಮಣಿಯೂ ರವಿಕೆಗಾಗಿ ಬಂದು ನಿಂತಿದ್ದಳು. ಅವನು ನನ್ನನ್ನು ಕಂಡವನೇ ಪಂಜರಕ್ಕೆ ಮುಖ ತಂದ.

"ಯಾರದವ್ವಾ ಇದು? ಕಣ್ಣ ಸುತ್ತಿನ ಬಳಿ ಅರ್ಧಕ್ಕ ನಿಂತೈತಿ. ಬೆರಕಿ ಇದು."

ಸಂತೆಯಲ್ಲಿ ತಂದದ್ದು ಎಂದು ಹುಸೇನಬಿ ಸೂಜಿಯ ನಡುವಿನಿಂದ ಹೇಳಿದಳು.

"ಇಂಥಾ ಜೋಡಿ ಕೂಡಿಸಿದಾಂವನ ಕಣ್ಣ ಎಲ್ಲಿದ್ದುವೋ ಏನೋ," ಎಂದು ತಿಪ್ಪಣ್ಣ ನಕ್ಕ. ಈ ಊರಿನಲ್ಲಿ ಬಳೆ ಇದ್ದದ್ದು ಯಾವುದು, ಇಲ್ಲದ್ದು ಯಾವುದು ಎಂದು ಕೇಳಬೇಕಾದರೆ ಯೋನಪ್ಪನವರನ್ನೇ ಕೇಳಬೇಕು, ಅಲ್ಲವೇನವ್ವಾ ದಯಾ, ಎಂದೂ ಸೇರಿಸಿದ.

ದಯಾಮಣಿ ರವಿಕೆ ತೆಗೆದುಕೊಳ್ಳದೆ ಹೋದಳು. ಎರಡು ದಿನ ಬಿಟ್ಟು ಬಂದಾಗ ಹುಸೇನಬಿಗೆ ಮಾತ್ರ ಹೇಳಿದಳು: ಒಬ್ಬಳೇ ಕಣ್ಣಿನ ಡಾಕ್ಟರರ ಹತ್ತಿರ ಹೋಗಿದ್ದೆ. ಹೆಂಗಸು ಡಾಕ್ಟರು, ಒಳ್ಳೆಯವರು. ಪೊರೆ ಬಲಿತು ಹಾಗೇ ಬಿಟ್ಟರೆ ಒಳಗೆ ಒತ್ತಡ ಏರಿ ನರ ಸಾಯುತ್ತದಂತೆ. ನರ ಸತ್ತ ಮೇಲೆ ಯಾವ ಆಪರೇಷನ್ನೂ ಇಲ್ಲವಂತೆ. ತಂದೆಯವರನ್ನು ನಾಳೆಯೇ ಕರೆದುಕೊಂಡು ಬಾ ಎಂದರು.

ಆ ನಾಳೆ ಬರಲಿಲ್ಲ. ದಯಾಮಣಿ ಮೂರು ಸಲ ಅಪ್ಪನ ಕೋಣೆಯ ಬಾಗಿಲಲ್ಲಿ ನಿಂತಳಂತೆ. ಮೂರು ಸಲವೂ ಹೇಳಿದ್ದು, ಅಪ್ಪಾ ಚಾ ತರಲೇನು, ಎಂದು. ಅವನು ಮೂರು ಸಲವೂ ತಾ ಎಂದನಂತೆ. "ಚಾ ಕುಡಿಸಿ ಕುಡಿಸಿ ಕುರುಡ ಮಾಡ್ತೀ ಬೇ ಅವನನ್ನ," ಎಂದು ಹುಸೇನಬಿ ಗದರಿಸಿದಳು. ದಯಾಮಣಿ ನನ್ನ ಪಂಜರದ ತಟ್ಟೆ ಎಳೆದು, ಸೀಳುಗಳನ್ನು ಗೋರಿ, ಬುಟ್ಟಿಗೆ ಹಾಕಿ ಹೋದಳು.

ಅಕ್ಟೋಬರಿನಲ್ಲಿ ಹುಸೇನಬಿಯ ಮಗಳಿಗೆ ಇಳಕಲ್ಲಿನಲ್ಲಿ ಹೆರಿಗೆಯ ದಿನ ಹತ್ತಿರ ಬಂತು. ಮೂರು ತಿಂಗಳು ಅಂಗಡಿಗೆ ಬೀಗ. ನನ್ನನ್ನು ಎಲ್ಲಿ ಬಿಡುವುದು? ದಯಾಮಣಿಗೆ ಬೇರೆ ದಾರಿಯಿರಲಿಲ್ಲ. ಹುಟ್ಟಿ ಒಂದೂವರೆ ವರ್ಷಕ್ಕೆ ನಾನು ಮತ್ತೆ ತಾರಸಿಗೆ ಬಂದೆ. ಎರಡು ಗೋಡೆಗೂ ಸೇರದಂತೆ, ನೀರಿನ ಟಾಕಿಯ ಪಕ್ಕದ ಮೂಲೆಯಲ್ಲಿ ನನ್ನನ್ನಿಟ್ಟಳು.

ಯೋನಪ್ಪ ಬಂಗಾರಿ ಬಂದಳು ಎಂದು ಕೈ ಬೀಸಿಕೊಂಡು ಬಂದ. ಅವನ ಕಣ್ಣುಗಳನ್ನು ನಾನು ಹತ್ತಿರದಿಂದ ನೋಡಿದೆ. ನಡುವೆ ಕಪ್ಪು ಇರಬೇಕಾದ ಜಾಗದಲ್ಲಿ ಹಳೆಯ ಹಾರ್ಮೋನಿಯಂ ಕೀಲಿಗಳಂಥ ಕಂದುಹಳದಿ. ಅವನು ನನಗೊಂದು ಪೆಟ್ಟಿಗೆ ಕಟ್ಟಿದ, ಗೂಡಿಗೆಂದು ಈಚಲ ಗರಿ ತಂದು ತಂತಿಗೆ ಸಿಕ್ಕಿಸಿದ. ಪ್ರತಿ ಪಂಜರಕ್ಕೂ ಒಂದು ಸಣ್ಣ ಪಾಟಿ ಉಂಟು. ಅದರ ಮೇಲೆ ಹಕ್ಕಿಯ ಜಾತಿ, ತಂದೆ, ತಾಯಿ ಬರೆದಿರುತ್ತದೆ. ನನ್ನ ಪಾಟಿಯ ಮೇಲೆ ಅಂದಾಜಿನಿಂದ ಪೀಚ್‌ಫೇಸ್, ಹಳದಿ ಎಂದು ಬರೆದ. ಅಕ್ಷರ ಒಂದರ ಮೇಲೊಂದು ಹತ್ತಿದ್ದವು.

ಅದೇ ವಾರ ತಿಪ್ಪಣ್ಣ ಪ್ರದರ್ಶನಕ್ಕೆ ಕರೆಯಲು ಬಂದ. ಕೆಳಗೆ ಪಡಸಾಲೆಯಲ್ಲಿ ಆದ ಮಾತು ಮೇಲಕ್ಕೆ ಕೇಳಿಸುತ್ತಿತ್ತು. ಎಂಬತ್ತು ಪಂಜರ ಬರುತ್ತವೆ, ಬೆಳಗಾವಿಯವರೂ ಬರುತ್ತಾರೆ, ತೀರ್ಪು ನಿಮ್ಮದೇ ಎಂದ. ಯೋನಪ್ಪ ಆಗಲಿ ಎಂದ. ಚಾ ತರಲೇನು ಎಂದು ದಯಾಮಣಿ ಕೇಳಿದಳು.

ಯೋನಪ್ಪ ದಿನಾ ಬೆಳಿಗ್ಗೆ ಎಲ್ಲ ಪಂಜರದ ತಟ್ಟೆಯನ್ನೂ ಕೈಯಿಂದಲೇ ಬಳಿಯುತ್ತಿದ್ದ. ಕಣ್ಣು ಮಾಡಬೇಕಾದ ಕೆಲಸವನ್ನು ಬೆರಳಿಗೆ ವಹಿಸಿ ಬಹಳ ದಿನವಾಗಿತ್ತು. ಮೊದಲ ದಿನ ನನ್ನ ತಟ್ಟೆಯಲ್ಲಿ ಈಚಲ ಸೀಳುಗಳ ಗುಡ್ಡೆ ಸಿಕ್ಕಿತು. ಪೆಟ್ಟಿಗೆಯೊಳಗೆ ಕೈ ಹಾಕಿದ. ಬರಿದು. ಎರಡನೆಯ ದಿನವೂ ಹಾಗೇ. ಮೂರನೆಯ ದಿನ ಸೀಳುಗಳನ್ನು ಅಂಗೈ ಮೇಲೆ ಹರಡಿಕೊಂಡು ಒಂದೊಂದನ್ನೇ ತುದಿಯಿಂದ ತುದಿಗೆ ಸವರಿದ. ಸೀಳಿದ್ದು ಸರಿಯಾಗಿದೆ. ತುದಿ ಒದ್ದೆಯಾಗಿದೆ, ನುರಿದಿದೆ, ಸಿಕ್ಕಿಸಲು ಸಿದ್ಧ ಮಾಡಿದ ಹಾಗೆ. ಆದರೆ ಎಲ್ಲ ಬಿದ್ದದ್ದು ಕಡ್ಡಿಯ ಕೆಳಗೇ, ಒಂದೇ ಜಾಗದಲ್ಲಿ. ಪುಕ್ಕದಿಂದ ಜಾರಿದ್ದರೆ ಹಾರುವ ದಾರಿಯುದ್ದಕ್ಕೂ ಚೆಲ್ಲಿರಬೇಕಿತ್ತು. ಸೀಳುಗಳನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

ನಾಲ್ಕನೆಯ ದಿನ ಸ್ಟೂಲು ತಂದು ನನ್ನ ಮುಂದೆ ಕೂತ. ಕಣ್ಣು ಮುಚ್ಚಿಕೊಂಡ. ನಾನು ನನ್ನ ಕೆಲಸಕ್ಕೆ ತೊಡಗಿದೆ. ಸೀಳುವಾಗ ಕೊಕ್ಕು ಕತ್ತರಿಯಂತೆ ಚರಚರ ಎನ್ನುತ್ತದೆ. ಆಮೇಲೆ ಪುಕ್ಕ ಕೆದರಿದ ಸದ್ದು. ಅಲ್ಲಿಗೆ ರೆಕ್ಕೆ ಬಡಿದು ಪೆಟ್ಟಿಗೆಗೆ ಹಾರಿದ ಸದ್ದು ಬರಬೇಕು. ಬರುತ್ತಿರಲಿಲ್ಲ. ಮತ್ತೆ ಪುಕ್ಕ ಕೆದರಿದ ಸದ್ದು, ಮತ್ತೆ, ಮತ್ತೆ. ಕಡೆಗೆ ತಟ್ಟೆಯ ಮೇಲೆ ಒಂದು ಹಗುರ ಸದ್ದು. ಅವನು ಹೊತ್ತು ನೆತ್ತಿಗೇರುವ ತನಕ ಕೂತು ಕೇಳಿದ.

ದಯಾಮಣಿ ಬಟ್ಟೆ ಒಣಹಾಕಲು ಮೇಲೆ ಬಂದಳು.

"ದಯಾ, ಈ ಹಕ್ಕಿ ಯಾವ ಬಣ್ಣ ಐತಿ?"

"ಯಾಕಪ್ಪಾ?"

"ಕೇಳಿದ್ದಕ್ಕ ಹೇಳು."

ಅವಳ ಕೈಯಲ್ಲಿ ಹಿಂಡದ ಚಾದರವಿತ್ತು. ನೀರು ಅವಳ ಪಾದದ ಮೇಲೆ ಸುರಿಯುತ್ತಿತ್ತು.

"ಹಸರು," ಎಂದಳು.

"ಹುಟ್ಟಿದಾಗಿಂದ?"

"ಹುಟ್ಟಿದಾಗಿಂದ."

ಅವನು ಜೇಬಿನಿಂದ ಸೀಳುಗಳನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡ. "ಅರ್ಧಾ ಅವ್ವನ ಚಾಳಿ, ಅರ್ಧಾ ಅಪ್ಪನ ಚಾಳಿ. ಒಂದೂ ಪೂರಾ ಇಲ್ಲ. ಇದನ್ನ ಹುಟ್ಟಿಸಿದಾಂವ ನಾನ." ಒಂದು ಸೀಳನ್ನು ಬೆರಳಿಗೆ ಸುತ್ತಿಕೊಂಡ. "ನನಗ ಈಗಲೂ ಹಳದೀನ ಕಾಣಸ್ತೈತಿ. ಹಕ್ಕಿ ಅಷ್ಟ ಅಲ್ಲ. ಗ್ವಾಡಿ ಹಳದಿ, ಮುಗಲ ಹಳದಿ, ನಿನ್ನ ಸೀರಿನೂ ಹಳದಿ."

ಅವಳು ಉಟ್ಟದ್ದು ನೀಲಿ.

"ನನಗೂ ಗೊತ್ತಿತ್ತು, ನಿನಗೂ ಗೊತ್ತಿತ್ತು. ಇಬ್ಬರೂ ಚಲೋ ನಾಟಕಾ ಮಾಡಿದ್ವಿ ಬಿಡು."

ಆಗ ದಯಾಮಣಿ ಡಾಕ್ಟರರ ಮಾತನ್ನೆಲ್ಲ ಹೇಳಿದಳು. ನರದ ವಿಷಯವನ್ನೂ, ಅಂಗಡಿಯಲ್ಲಿ ತಿಪ್ಪಣ್ಣ ಅಂದದ್ದನ್ನೂ ಹೇಳಿದಳು. ಅವನು ಫೋಟೋ ಇರುವ ಕೋಣೆಯ ದಿಕ್ಕಿಗೆ ತಲೆ ತಿರುಗಿಸಿ, ನಿಮ್ಮವ್ವಗೆ ಏನಾಯಿತು ನೋಡಲಿಲ್ಲವೇ ಎಂದ.

"ನೋಡೇನಿ," ಎಂದಳು. "ಅಕಿ ಗ್ವಾಡಿ ಕಡೆ ಮುಖಾ ಮಾಡಿ ಕುಂತದ್ದ ನಾಲ್ಕ ವರ್ಷ ನೋಡೇನಿ. ಅನ್ನಾ ಕಲಸಿ ಕೈಯಾಗ ಕೊಟ್ಟೇನಿ. ನೀನೂ ಹಂಗ ಕುಂತರ ನನಗ ನೋಡಾಕ ಆಗೂದಿಲ್ಲಪ್ಪಾ. ಆಗೂದಿಲ್ಲ."

ಅವಳು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಯೋನಪ್ಪನೂ ಮೊದಲ ಸಲ ಕೇಳಿದನೇನೋ. ನನ್ನನ್ನು ಪಂಜರದಿಂದ ತೆಗೆದು ತನ್ನ ಕೈಗೆ ಕೊಡಲು ಹೇಳಿದ. ಹಿಡಿದುಕೊಂಡು ಕಿರುಬೆರಳಿನ ತುದಿಯಿಂದ ನನ್ನ ಕಣ್ಣಿನ ಸುತ್ತ ಸವರಿದ. ಮೇಲರ್ಧ ಪುಕ್ಕ, ಕೆಳಗರ್ಧ ಬರಿ ಚರ್ಮ. ನಾನು ಕಚ್ಚಿದೆ. ರಕ್ತ ಬಂತು. ಅವನು ಬೆರಳನ್ನು ಎಳೆದುಕೊಳ್ಳಲಿಲ್ಲ.

"ಯಾವತ್ತ ಹೋಗೂದು?" ಎಂದ.

ತಿಪ್ಪಣ್ಣನನ್ನು ಅವನೇ ಕರೆಸಿದ. ಈ ವರ್ಷದ ತೀರ್ಪು ತನ್ನಿಂದಾಗದು ಎಂದು ಹೇಳಿ, ಟಾಕಿಯ ಮೂಲೆಗೆ ಕರೆತಂದು ನನ್ನನ್ನು ತೋರಿಸಿದ. "ಈ ಬೆರಕಿ ನಂದ್ರಿ. ಜೋಡಿ ಕೂಡಿಸಿದಾಂವನ ಕಣ್ಣ ಎಲ್ಲಿದ್ದುವು ಅಂತ ಕೇಳಿದ್ರಂತಲ್ಲ. ಇಲ್ಲೇ ಇದ್ದುವು. ಕೆಲಸಕ್ಕ ರಜಾ ಹಾಕಿದ್ದುವು." ತಿಪ್ಪಣ್ಣ ನನ್ನನ್ನು ನೋಡಿದ, ದಯಾಮಣಿಯನ್ನು ನೋಡಿದ, ಚಾ ಚೆನ್ನಾಗಿದೆ ಎಂದ. ಚಾ ಇನ್ನೂ ಕೊಟ್ಟಿರಲಿಲ್ಲ.

ಆಪರೇಷನ್ ಆಗಿ ಹದಿನೆಂಟು ದಿನ ಯೋನಪ್ಪ ತಾರಸಿಗೆ ಬರಲಿಲ್ಲ. ದಯಾಮಣಿ ಬೆಳಿಗ್ಗೆ ಶಾಲೆಗೆ ಮುಂಚೆ ಬಂದು ಕಾಳು ನೀರು ಇಟ್ಟು ಹೋಗುತ್ತಿದ್ದಳು. ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಎಣಿಕೆ ಕೇಳಿಸಿತು, ಹದಿಮೂರಕ್ಕೆ ನಿಂತಿತು. ಕಪ್ಪು ಕನ್ನಡಕ, ಕೈಯಲ್ಲಿ ಮಗಳ ಕೈ. ಅವನು ಕನ್ನಡಕ ತೆಗೆದ. ಬಲಗಣ್ಣು ಕಪ್ಪಾಗಿ, ತಿಳಿಯಾಗಿ ಇತ್ತು. ಎಡಗಣ್ಣು ಹಾಗಿರಲಿಲ್ಲ. ಅದರ ನರ ಹೋಗಿತ್ತು. ಒಂದು ವರ್ಷ ಮೊದಲು ಬಂದಿದ್ದರೆ ಅದೂ ಉಳಿಯುತ್ತಿತ್ತು ಎಂದು ಡಾಕ್ಟರು ಹೇಳಿದ್ದರಂತೆ.

ಅವನು ಮೊದಲು ಪಂಜರಗಳ ಕಡೆ ನೋಡಲಿಲ್ಲ. ದಯಾಮಣಿಯ ತಲೆ ನೋಡಿದ. ಬೈತಲೆಯ ಎರಡೂ ಬದಿಗೆ ಬಿಳಿಗೂದಲು ಬಂದಿತ್ತು. ಯಾವಾಗ ಬಂತು ಇದು ಎಂದು ಕೇಳಿದ. ಅವಳು ತಾನು ಹೇಳಬೇಕಿದ್ದನ್ನು ಹೇಳಿದಳು.

"ಮೊದಲ ದಿನಾನ ಹಸರು ಅಂದಿದ್ರ, ಎಡಗಣ್ಣೂ ಉಳೀತಿತ್ತಪ್ಪಾ."

"ಹಂಗಂದಿದ್ರ ಹಕ್ಕಿನ್ನ ಸಂತಿಗೆ ಕಳಿಸ್ತಿದ್ದೆ. ನಿನ್ನ ಮ್ಯಾಲೆ ಸಿಟ್ಟಾಗ್ತಿದ್ದೆ. ಎರಡೂ ಕಣ್ಣ ಕಳಕೊಂಡು ನಿಮ್ಮವ್ವನ ಜಾಗಾದಾಗ ಕುಂದರ್ತಿದ್ದೆ. ನನ್ನ ನಾ ಬಲ್ಲೆ."

ಅದು ನಿಜವೋ, ಮಗಳಿಗಾಗಿ ಹೇಳಿದ್ದೋ ನನಗೆ ತಿಳಿಯದು. ದಯಾಮಣಿಗೂ ತಿಳಿದಿಲ್ಲವೆಂದು ಕಾಣುತ್ತದೆ. ಅವಳು ಆ ಮಾತನ್ನು ಪೂರಾ ನಂಬಲೂ ಇಲ್ಲ, ಬಿಡಲೂ ಇಲ್ಲ.

ಆಮೇಲೆ ಅವನು ನನ್ನ ಮುಂದೆ ಬಂದು ನಿಂತ. ಒಂದು ಕಣ್ಣಿನಿಂದ ಬಹಳ ಹೊತ್ತು ನೋಡಿದ. ಬೆರಕೆಗೆ ಈ ಮನೆಯಲ್ಲಿ ಪಂಜರವಿಲ್ಲ ಎಂಬುದು ನನಗೆ ಗೊತ್ತಿತ್ತು. ನಾನು ಕಡ್ಡಿಯ ಇನ್ನೊಂದು ತುದಿಗೆ ಸರಿದೆ.

"ಮಿರ್ಚಿ ಅಂದದ್ದ ಸರಿ ಐತಿ," ಎಂದ.

ಪಾಟಿ ತೆಗೆದು ಅಂಗಿಯ ತುದಿಯಿಂದ ಒರೆಸಿ, ಹೊಸದಾಗಿ ಬರೆದ. ತಾಯಿ, ಪಡುವಣ ಗೋಡೆ, ಮೂರನೆಯ ಪಂಜರ. ತಂದೆ, ಮೂಡಣ ಗೋಡೆ, ಐದನೆಯ ಪಂಜರ. ಬಣ್ಣ, ಹಸಿರು. ಜಾತಿ ಎಂಬಲ್ಲಿ ಬಳಪ ಸ್ವಲ್ಪ ನಿಂತಿತು. ಅಲ್ಲಿ ಏನೂ ಬರೆಯದೆ ತೂಗುಹಾಕಿದ.

ಜನವರಿಯಲ್ಲಿ ಹುಸೇನಬಿ ಮೊಮ್ಮಗಳ ಫೋಟೋ ಹಿಡಿದುಕೊಂಡು ಬಂದಳು. "ನನ್ನ ಮಿರ್ಚಿ ನನಗ ಕೊಡ್ರಿ ಯೋನಪ್ಪನವರ. ಬಂಗಾರಿ ಯಾವಾಕಿ ಇದ್ಲೋ, ಅಕಿನ್ನ ನೀವ ಇಟಗೋರಿ." ಯೋನಪ್ಪ ನಕ್ಕ. ಅವನು ನಕ್ಕದ್ದನ್ನು ಕಂಡು ಹುಸೇನಬಿ ಪಂಜರ ಕೇಳುವುದನ್ನು ಬಿಟ್ಟಳು. ಖಾಕಿ ಕಾಗದದ ಚೂರುಗಳನ್ನು ಮಾತ್ರ ಇವತ್ತಿಗೂ ಕಳಿಸುತ್ತಾಳೆ.

ನನ್ನ ಮೂರನೆಯ ವರ್ಷದಲ್ಲಿ ಒಂದು ದಿನ ಸೀಳನ್ನು ಕಚ್ಚಿಕೊಂಡು ಪೆಟ್ಟಿಗೆಯವರೆಗೆ ಹಾರಿದೆ. ಹೇಗೆ ಆಯಿತೆಂದು ಹೇಳಲಾರೆ. ಮರುದಿನ ಆರು ಸೀಳು ಒಯ್ದೆ. ತಿಂಗಳೊಳಗೆ ಗೂಡಾಯಿತು. ನಾಲ್ಕು ಮೊಟ್ಟೆ ಇಟ್ಟೆ, ಲೆಕ್ಕದ ದಿನಕ್ಕಿಂತ ಒಂದು ವಾರ ಹೆಚ್ಚೇ ಕೂತೆ. ಒಳಗೆ ಯಾರೂ ಇರಲಿಲ್ಲ. ಯೋನಪ್ಪ ಅವನ್ನು ಒಂದೊಂದಾಗಿ ತೆಗೆದ, ಗೂಡನ್ನು ಕೆಡಿಸಲಿಲ್ಲ. ಹೀಗೆ ನಾಲ್ಕೈದು ವರ್ಷ ನಡೆಯಿತು.

ಈಗ ನನಗೆ ಹನ್ನೆರಡು. ನಮ್ಮ ಕುಲಕ್ಕೆ ಇದು ಮುಪ್ಪು. ಬಲಗಾಲಿನ ಉಗುರು ಬಾಗಿದೆ, ಮೇಲಿನ ಕಡ್ಡಿಗೆ ಹಾರುವುದಿಲ್ಲ. ಪಡುವಣ ಮೂಡಣ ಎರಡೂ ಗೋಡೆಯ ಹಕ್ಕಿಗಳು ಕಡಿಮೆಯಾಗಿವೆ. ತೀರ್ಪಿನ ಕುರ್ಚಿಯಲ್ಲಿ ತಿಪ್ಪಣ್ಣ ಕೂರುತ್ತಾನೆ. ಅನುಮಾನ ಬಂದರೆ ಪಂಜರವನ್ನು ಇಲ್ಲಿಗೇ ಹೊತ್ತು ತರುತ್ತಾನೆ. ದಯಾಮಣಿ ಸಂಜೆ ಮೇಲೆ ಬಂದು, ಶಾಲೆಯಲ್ಲಿ ಆದದ್ದನ್ನು ಅಪ್ಪನಿಗೆ ಹೇಳುತ್ತಾಳೆ. ಒಳ್ಳೆಯದನ್ನೂ ಹೇಳುತ್ತಾಳೆ, ಕೆಟ್ಟದ್ದನ್ನೂ. ನಡುವೆ ಚಾ ತರಲೇನು ಎಂದರೆ ಅವನು ಕನ್ನಡಕ ಸರಿಮಾಡಿಕೊಂಡು, ಮೊದಲು ವಿಷಯ ಹೇಳು ಎನ್ನುತ್ತಾನೆ.

ಗೂಡು ನನಗೆ ಇನ್ನು ಬೇಕಿಲ್ಲ. ಆದರೂ ಕಾಗದ ಸಿಕ್ಕರೆ ಒಂದೆರಡು ಸೀಳುತ್ತೇನೆ, ಕೊಕ್ಕಿನಲ್ಲೇ ಒಯ್ಯುತ್ತೇನೆ, ಬೀಳಿಸುವುದಿಲ್ಲ. ಒಯ್ಯುವ ಮೊದಲು ಮಾತ್ರ ಕತ್ತು ಒಮ್ಮೆ ಹಿಂದಕ್ಕೆ ತಿರುಗುತ್ತದೆ. ಅಲ್ಲಿ ಕೆಲಸವೇನೂ ಇಲ್ಲವೆಂದು ಕಂಡು ಮುಂದಕ್ಕೆ ಬರುತ್ತದೆ.

ಈಗ ಕಾಣಿಸುತ್ತದಲ್ಲ, ಮೆಟ್ಟಿಲು ಯಾಕೆ ಎಣಿಸುತ್ತೀ ಎಂದು ದಯಾಮಣಿ ಒಮ್ಮೆ ಅಪ್ಪನನ್ನು ಕೇಳಿದಳು. ಕಣ್ಣಿಗೆ ಗೊತ್ತಾಗಿದೆ, ಕಾಲಿಗೆ ಇನ್ನೂ ಗೊತ್ತಾಗಿಲ್ಲ ಎಂದ.

ಬೆಳಕು ಹರಿದಿದೆ. ಒಂದು ಸೀಳು ಕಚ್ಚಿಕೊಂಡಿದ್ದೇನೆ. ಕೆಳಗೆ ಬಾಗಿಲ ಚಿಲಕ ತೆಗೆದ ಸದ್ದು, ಆಮೇಲೆ ನಿಧಾನ ಹೆಜ್ಜೆ. ಹತ್ತು. ಹನ್ನೊಂದು. ಹನ್ನೆರಡು. ಕತ್ತು ಹಿಂದಕ್ಕೆ ತಿರುಗಿ, ಮುಂದಕ್ಕೆ ಬರುವಷ್ಟರಲ್ಲಿ, ಹದಿಮೂರು.